ಮಾಮಾ, ಮುತ್ತಣ್ಣ ಮತ್ತು ಹೆಸರಿಲ್ಲದವರು

ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ ತೆರೆಗೆ ಬಂದದ್ದು 2019ರ ಏಪ್ರಿಲ್ 12ಕ್ಕೆ. ನಮ್ಮ ಕೊಪ್ಪಳ ಲೋಕಸಭಾ ಕ್ಷೇತ್ರದ ಮತದಾನ ಅದೇ ತಿಂಗಳ 23ಕ್ಕೆ ಇತ್ತು. ಸಿಂಧನೂರಿನ ಗಾಂಧಿ ಸರ್ಕಲ್‌ನಲ್ಲಿ ದಿನಕ್ಕೊಂದು ಪ್ರಚಾರ ಸಭೆ, ರಾತ್ರಿಯಾದರೆ ಮನೆಮನೆಯಲ್ಲೂ ಐಪಿಎಲ್, ಮೇಲೆ ಏಪ್ರಿಲ್ ಬಿಸಿಲು. ಅಂಥ ಹೊತ್ತಿನಲ್ಲಿ ಹೊಡೆದಾಟವಿಲ್ಲದ, ಹಾಸ್ಯದ ಟ್ರ್ಯಾಕ್ ಇಲ್ಲದ, ಹಳೆಯ ಕೊಲೆಯೊಂದರ ಸುತ್ತ ನಿಧಾನಕ್ಕೆ ಸುತ್ತುವ ಕನ್ನಡ ಸಿನಿಮಾ ನೋಡಲು ಯಾರು ಟಾಕೀಸಿಗೆ ಹೋಗುತ್ತಾರೆ? ಸಿಂಧನೂರಿನ ಟಾಕೀಸುಗಳಲ್ಲಿ ನಾನು ಕಂಡಂತೆ ತೆಲುಗು ಚಿತ್ರಗಳದ್ದೇ ಜೋರು. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದು ಕ್ಯಾಂಪು ಕಟ್ಟಿಕೊಂಡವರ ಸೀಮೆ ಇದು. ಅವರ ಮಕ್ಕಳ ಜೊತೆ ನಮ್ಮ ಮಕ್ಕಳೂ ತೆಲುಗು ಹಾಡು ಗುನುಗುತ್ತಲೇ ಬೆಳೆದರು. ಹಾಗಾಗಿ ‘ಕವಲುದಾರಿ’ ನಮ್ಮ ಕಡೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಬೆಂಗಳೂರಿನಲ್ಲಿ ಅದಕ್ಕೆ ಒಳ್ಳೆಯ ಮಾತು ಬಂತು. ಪತ್ರಿಕೆಗಳು ಹೊಗಳಿದವು. 2021ರಲ್ಲಿ ತಮಿಳಿನಲ್ಲಿ ‘ಕಬಡದಾರಿ’, ತೆಲುಗಿನಲ್ಲಿ ‘ಕಪಟಧಾರಿ’ ಎಂದು ಎರಡು ರೀಮೇಕುಗಳಾದವು. ಆದರೆ ಇವತ್ತಿಗೂ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಆ ಚಿತ್ರ ನೋಡಿದವರು ಒಬ್ಬರೋ ಇಬ್ಬರೋ ಸಿಕ್ಕಾರು. ಪುನೀತ್ ರಾಜ್‌ಕುಮಾರ್ ಫೋಟೊ ಅಂಟಿಸದ ಆಟೊ ನಮ್ಮಲ್ಲಿ ಅಪರೂಪ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಊರಿಗೆ ಊರೇ ಅಂಗಡಿ ಮುಚ್ಚಿ ಅತ್ತಿತು. ಅಪ್ಪು ಎಂದೇ ಎಲ್ಲರೂ ಕರೆಯುವ ಪುನೀತ್ ಮತ್ತು ಅವರ ಪತ್ನಿ ಅಶ್ವಿನಿ ತಮ್ಮ ಪಿಆರ್‌ಕೆ ಪ್ರೊಡಕ್ಷನ್ಸ್‌ನಿಂದ ಮೊಟ್ಟಮೊದಲು ನಿರ್ಮಿಸಿದ ಚಿತ್ರ ಇದೇ ಎಂಬುದು ಮಾತ್ರ ಆ ಆಟೊದವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ನನಗೆ ಇದು ಬೇಸರದ ಸಂಗತಿ. ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಕಥೆ ಹೀಗೆ. ಬೆಂಗಳೂರಿನಲ್ಲಿ ಮೆಟ್ರೊ ಕೆಲಸಕ್ಕೆ ನೆಲ ಅಗೆಯುವಾಗ ಮೂವರ ತಲೆಬುರುಡೆ, ಮೂಳೆ ಸಿಗುತ್ತವೆ. ನಾಲ್ಕು ದಶಕ ಹಿಂದಿನವು. ಅಷ್ಟು ಹಳೆಯ ಮೂಳೆ ಯಾರಿಗೆ ಬೇಕು? ಠಾಣೆಯಲ್ಲಿ ಇವತ್ತಿನ ಕೇಸುಗಳೇ ರಾಶಿ ಬಿದ್ದಿರುತ್ತವೆ. ಆದರೆ ಶ್ಯಾಮ್ ಎಂಬ ಟ್ರಾಫಿಕ್ ಪೊಲೀಸ್ ಅಧಿಕಾರಿಗೆ ಅವು ತಲೆಗೆ ಹತ್ತುತ್ತವೆ. ಸಿಗ್ನಲ್ಲಿನಲ್ಲಿ ನಿಲ್ಲುವ ಕೆಲಸ ಅವನಿಗೆ ಒಗ್ಗಿಲ್ಲ. ಕ್ರೈಂ ವಿಭಾಗಕ್ಕೆ ಹೋಗಬೇಕೆಂಬ ಆಸೆ ಮೊದಲಿನಿಂದ ಇದೆ. ಈ ಕೇಸು ಅವನದಲ್ಲ, ಮೇಲಿನವರು ಒಪ್ಪಿಸಿದ್ದೂ ಅಲ್ಲ. ಆದರೂ ಬೆನ್ನು ಹತ್ತುತ್ತಾನೆ. ಆ ಬೆನ್ನು ಹತ್ತುವಿಕೆ ಅವನನ್ನು ಮುತ್ತಣ್ಣ ಎಂಬ ನಿವೃತ್ತ ಪೊಲೀಸ್ ಅಧಿಕಾರಿಯ ಬಾಗಿಲಿಗೆ ಒಯ್ಯುತ್ತದೆ. ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿಯೊಬ್ಬ ಹೆಂಡತಿ, ಮಗುವಿನೊಂದಿಗೆ ಕಾಣೆಯಾದ ಪ್ರಕರಣವನ್ನು ಆ ಕಾಲದಲ್ಲಿ ಹಿಡಿದಿದ್ದವರು ಈ ಮುತ್ತಣ್ಣ. ಕೇಸು ಬಗೆಹರಿಯಲಿಲ್ಲ. ಅವರ ಬದುಕು ಅದರ ಕೆಳಗೆ ಸಿಕ್ಕಿ ನುಗ್ಗಾಯಿತು. ಈಗ ಕುಡಿತ ಮತ್ತು ಒಂಟಿತನ. ಶ್ಯಾಮ್ ಆಗಿ ರಿಷಿ, ಮುತ್ತಣ್ಣ ಆಗಿ ಅನಂತ್ ನಾಗ್.

ಕೊನೆಗೆ ಇಬ್ಬರೂ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂಬುದನ್ನು ನೋಡದವರಿಗಾಗಿ ಬಿಡುತ್ತೇನೆ. ನನ್ನನ್ನು ಹಿಡಿದದ್ದು ಕೊಂದವರು ಯಾರು ಎಂಬ ಪ್ರಶ್ನೆಯಲ್ಲ. ಶ್ಯಾಮ್‌ನ ಹಟದಲ್ಲಿ ಸತ್ತವರ ಮೇಲಿನ ಕನಿಕರ ಎಷ್ಟು, ಕ್ರೈಂ ವಿಭಾಗದ ಮೇಲಿನ ಆಸೆ ಎಷ್ಟು ಎಂದು ಅವನಿಗೂ ಗೊತ್ತಿಲ್ಲ, ನಮಗೂ ಚಿತ್ರ ಹೇಳುವುದಿಲ್ಲ. ಸಂಪಾದಕ ಕುಮಾರ್ ಆಗಿ ಅಚ್ಯುತ್ ಕುಮಾರ್ ಬರುತ್ತಾರೆ. ಅವರಿಗೆ ಅವರದೇ ಬೇಕುಗಳು. ಈ ಚಿತ್ರದಲ್ಲಿ ಸತ್ಯ ಹುಡುಕಲು ಹೊರಟ ಯಾರ ಕೈಯೂ ಪೂರ್ತಿ ಶುಭ್ರವಲ್ಲ.

ನಾನು ಬೆಳೆದದ್ದು ಬೇರೆ ಥರದ ಪತ್ತೇದಾರರ ಜೊತೆ. ಲಿಂಗಸುಗೂರಿನಲ್ಲಿ ಹೈಸ್ಕೂಲು ಓದುವಾಗ ಎನ್. ನರಸಿಂಹಯ್ಯನವರ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮುಖಪುಟ ಹರಿದಿರುತ್ತಿತ್ತು, ಕೊನೆಯ ಪುಟ ಇರುತ್ತದೋ ಇಲ್ಲವೋ ಎಂಬ ಭಯದಲ್ಲೇ ಓದಬೇಕಿತ್ತು. 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಅವರು ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ನಮ್ಮಂಥ ಎಷ್ಟು ಹುಡುಗರಿಗೆ ಕನ್ನಡ ಓದುವ ಚಟ ಹಿಡಿಸಿದವರು! ಅವರ ಪುರುಷೋತ್ತಮನಿಗೆ ಅನುಮಾನ ಇರುವುದು ಬೇರೆಯವರ ಮೇಲೆ. ತನ್ನ ಮೇಲೆ ಎಂದೂ ಅಲ್ಲ. ಕೊನೆಯ ಅಧ್ಯಾಯಕ್ಕೆ ಕಳ್ಳ ಸಿಕ್ಕೇ ಸಿಗುತ್ತಾನೆ. ಆಮೇಲೆ ಸುನೀಲ್ ಕುಮಾರ್ ದೇಸಾಯಿ ಬಂದರು. ‘ತರ್ಕ’ (1989), ‘ಉತ್ಕರ್ಷ’ (1990), ‘ನಿಷ್ಕರ್ಷ’ (1993). ಬಾಡಿಗೆ ವಿಸಿಆರ್ ತಂದು ಓಣಿಯವರೆಲ್ಲ ಕೂತು ನೋಡಿದ ಚಿತ್ರಗಳು ಅವು. ಹಾಡಿಲ್ಲದೆಯೂ ಕನ್ನಡ ಸಿನಿಮಾ ಉಸಿರು ಬಿಗಿಹಿಡಿಸಬಲ್ಲದು ಎಂದು ತೋರಿಸಿಕೊಟ್ಟವರು ಅವರು. ಇಷ್ಟಾದರೂ ಹುಡುಕುವವನನ್ನೇ ತಿರುಗಿಸಿ ನಿಲ್ಲಿಸಿ, ‘ನಿನಗೆ ಇದು ಯಾಕೆ ಬೇಕು?’ ಎಂದು ಕೇಳುವ ಕನ್ನಡ ಥ್ರಿಲ್ಲರ್ ನನಗೆ ಸಿಕ್ಕದ್ದು ‘ಕವಲುದಾರಿ’ಯಲ್ಲಿ.

ಆ ಪ್ರಶ್ನೆ ನನಗೆ ಚುಚ್ಚಲು ಕಾರಣ ನನ್ನ ಸೋದರಮಾವ.

ಮಾಮಾ ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿ ದಫೇದಾರರಾಗಿ ನಿವೃತ್ತಿಯಾದವರು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ತಾಲ್ಲೂಕುಗಳ ನೀರು ಕುಡಿದವರು. ಆಗ ಮಸ್ಕಿ ಇನ್ನೂ ತಾಲ್ಲೂಕಾಗಿರಲಿಲ್ಲ, ಅದು ಬೇರೆ ಮಾತು. ಅಕ್ಷರ ಮುತ್ತಿನಂತಿದ್ದುದರಿಂದ ಹೋದಲ್ಲೆಲ್ಲ ಅವರನ್ನು ರೈಟರ್ ಕೆಲಸಕ್ಕೆ ಕೂರಿಸುತ್ತಿದ್ದರು. ನಿವೃತ್ತಿಯ ನಂತರ ಮಸ್ಕಿಯಲ್ಲಿ ಗುಡ್ಡದ ಕೆಳಗಿನ ಹಳೆಯ ಮನೆಗೆ ಬಂದು ನಿಂತರು. 2021ರ ಎರಡನೇ ಲಾಕ್‌ಡೌನ್‌ನಲ್ಲಿ ನಾನು ಸಿಂಧನೂರಿನಿಂದ ಅಲ್ಲಿಗೆ ಹೋಗಿ ಕೆಲವು ದಿನ ಇದ್ದೆ. ಮಗ ಕೊಡಿಸಿದ ಹೊಸ ಟಿವಿಯಲ್ಲಿ ಪ್ರೈಮ್ ಇತ್ತು. ‘ಒಂದು ಪೊಲೀಸ್ ಸಿನಿಮಾ ಅದ, ನೋಡ್ತೀರೇನು ಮಾಮಾ?’ ಎಂದು ಕೇಳಿದೆ. ‘ಸಿನಿಮಾದಾಗಿನ ಪೊಲೀಸರು ನಮಗೇನು ಹೊಸಾದು ತೋರಸ್ತಾರಪಾ’ ಎಂದರು. ಆದರೂ ಕೂತರು.

ಮೊದಲರ್ಧ ಗಂಟೆ ತಪ್ಪು ಹುಡುಕುವುದೇ ಆಯಿತು. ‘ಅಂವ ಟ್ರಾಫಿಕ್‌ನಂವ. ಅಂವಗ ಈ ಉಸಾಬರಿ ಯಾಕ? ಮೆಮೊ ಕೊಟ್ಟು ಮನೀಗಿ ಕಳಸ್ತಾರ’ ಎನ್ನುತ್ತಿದ್ದರು. ಅನಂತ್ ನಾಗ್ ಬಂದ ಮೇಲೆ ಮಾತು ನಿಂತಿತು. ಮುತ್ತಣ್ಣ ಮೊದಮೊದಲು ಶ್ಯಾಮ್‌ನನ್ನು ಹತ್ತಿರ ಸೇರಿಸುವುದಿಲ್ಲ. ಹಳೆಯದನ್ನು ಕೆದಕುವುದು ಅವರಿಗೆ ಬೇಡ. ಆದರೆ ಕಣ್ಣು ಮಾತ್ರ ಆ ಹುಡುಗ ತಂದ ಸಂಗತಿಯ ಮೇಲೇ ಇರುತ್ತದೆ. ಅಲ್ಲಿ ಮಾಮಾ ರಿಮೋಟ್ ತಗೊಂಡು ಚಿತ್ರವನ್ನು ನಿಲ್ಲಿಸಿದರು. ‘ಇಂವ ಫೈಲ್ ಮನಿಯಾಗ ಇಟ್ಕೊಂಡಾನ ನೋಡು. ಕೊಡೂದಿಲ್ಲಂತ ಹೇಳ್ತಾನ, ಆದ್ರ ಇಟ್ಕೊಂಡಾನ’ ಎಂದರು. ಚಿತ್ರದಲ್ಲಿ ಅದು ಆಗಿನ್ನೂ ಬಂದಿರಲಿಲ್ಲ. ಅವರು ಎದ್ದು ಒಳಕೋಣೆಗೆ ಹೋಗಿ ಟ್ರಂಕಿನಿಂದ ರಟ್ಟಿನ ಹೊದಿಕೆಯ ನೋಟುಬುಕ್ಕೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಆ ದಿನ ಸಿನಿಮಾ ಮುಂದಕ್ಕೆ ಹೋಗಲಿಲ್ಲ.

ನೋಟುಬುಕ್ಕಿನ ನಡುವೆ ಒಂದು ಕಪ್ಪು-ಬಿಳುಪು ಫೋಟೊ. ಹೆಣ್ಣುಮಗಳೊಬ್ಬಳ ಎಡಗೈ. ಮುಖದ್ದಲ್ಲ, ಕೈಯದು.

ಎಂಬತ್ತರ ದಶಕದ ನಡುಭಾಗದ ಮಾತು. ಎಡದಂಡೆ ಕಾಲುವೆಯ ಗೇಟಿಗೆ ಹೆಣವೊಂದು ಬಂದು ಸಿಕ್ಕಿಕೊಂಡಿತ್ತು. ಗೇಟು ಕಾಯುವ ಗ್ಯಾಂಗ್‌ಮನ್ ನೋಡಿ ಸುದ್ದಿ ಮುಟ್ಟಿಸಿದ. ಪಂಚನಾಮೆ ಬರೆಯಲು ಮಾಮಾ ಹೋದರು. ನೀರಿನಲ್ಲಿ ದಿನಗಟ್ಟಲೆ ಇದ್ದುದರಿಂದ ಮುಖ ಗುರುತು ಹಿಡಿಯುವಂತಿರಲಿಲ್ಲ. ಹಸಿರು ಗಾಜಿನ ಬಳೆ, ಒಂದು ಕಾಲಲ್ಲಿ ಬೆಳ್ಳಿಯ ಕಾಲುಂಗುರ, ಎಡ ಮುಂಗೈಯ ಒಳಮೈಯಲ್ಲಿ ಹಚ್ಚೆ. ಹಚ್ಚೆ ತೆಲುಗಿನಲ್ಲಿತ್ತು. ಮೊದಲ ಅಕ್ಷರಗಳ ಮೇಲಿನ ಚರ್ಮ ಸುಲಿದು ಹೋಗಿ ಕೊನೆಯ ‘ಮ್ಮ’ ಮಾತ್ರ ಉಳಿದಿತ್ತು. ಎಲ್ಲಮ್ಮ, ನಾಗಮ್ಮ, ಹುಲಿಗೆಮ್ಮ, ಯಾವುದೂ ಆಗಬಹುದು. ಸ್ಟುಡಿಯೊದಿಂದ ಕರೆತಂದ ಫೋಟೊಗ್ರಾಫರನಿಗೆ ಮಾಮಾ ಆ ಕೈಯದೇ ಒಂದು ಫೋಟೊ ಬೇರೆ ತೆಗೆಯಲು ಹೇಳಿದರಂತೆ. ನೋಟುಬುಕ್ಕಿನಲ್ಲಿದ್ದದ್ದು ಅದರ ಪ್ರತಿ.

ಇಂಥ ಸಾವುಗಳಿಗೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತಿತ್ತು. ವಾರಸುದಾರರು ಯಾರಾದರೂ ಬರಲಿ ಎಂದು ಪ್ರಕಟಣೆ ಕೊಡುತ್ತಾರೆ, ಬರದಿದ್ದರೆ ಮಣ್ಣು ಮಾಡುತ್ತಾರೆ. ಕಾಲುವೆ ಸೀಮೆಯಲ್ಲಿ ಹೀಗೆ ಬಂದು ನಿಂತ ಹೆಣಗಳು ಎಷ್ಟೋ. ಮೇಲೆ ಎಲ್ಲಿ ಬಿದ್ದರೋ, ಯಾರು ನೂಕಿದರೋ, ತಾವೇ ಹಾರಿದರೋ, ಕಾಲುವೆ ಹೇಳುವುದಿಲ್ಲ. ಒಂದು ಠಾಣೆಯ ಸರಹದ್ದಿನಲ್ಲಿ ಸತ್ತವರು ಇನ್ನೊಂದು ಠಾಣೆಯ ಸರಹದ್ದಿನಲ್ಲಿ ಸಿಗುತ್ತಾರೆ. ಕಾಗದ ಮುಗಿಯುತ್ತದೆ. ಮಾಮಾ ಸ್ವತಃ ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಹೆಸರು: ಗೊತ್ತಾಗಿಲ್ಲ’ ಎಂದು ಬರೆದರು.

ಬರೆದ ಮೇಲೆ ಬಿಡಬೇಕಿತ್ತು. ಬಿಡಲಿಲ್ಲ. ಕೊರಳಿನ ಹತ್ತಿರ ಇದ್ದ ಗುರುತೊಂದು ಅವರಿಗೆ ಸರಿ ಕಾಣಲಿಲ್ಲ. ಮೇಲಿನವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿಂದ ಮಾಮಾ ರಜೆ ಸಿಕ್ಕಾಗಲೆಲ್ಲ ಫೋಟೊ ಹಿಡಿದು ತಿರುಗಿದರು. ನಾಟಿ ಮಾಡಲು ಬರುವ ಹೆಣ್ಣಾಳುಗಳ ಗುಂಪುಗಳಲ್ಲಿ ಕೇಳಿದರು. ಅಂಬಾಮಠದ ಜಾತ್ರೆಗೆ ಹೋದರು, ಮುದಗಲ್ ಮೊಹರಂಗೆ ಹೋದರು. ಮುದಗಲ್‌ನ ಆಲಾಯಿ ದೇವರಿಗೆ ಎಲ್ಲ ಜಾತಿಯವರೂ, ಎಲ್ಲ ಸೀಮೆಯವರೂ ಬರುತ್ತಾರಲ್ಲ, ಅಲ್ಲಿ ಯಾರಾದರೂ ಈ ಕೈ ಗುರುತಿಸಿಯಾರು ಎಂದು. ಹಚ್ಚೆ ಹಾಕುವ ಕೊರವರ ಮುದುಕಿಯರ ಮುಂದೆ ಕೂತು ಫೋಟೊ ತೋರಿಸಿ, ಇದು ಯಾವ ಕಡೆಯ ಕೈಗೆಲಸ ಎಂದು ಕೇಳಿದರು. ಒಬ್ಬಾಕೆ ಕರ್ನೂಲು ಕಡೆಯದು ಎಂದಳಂತೆ, ಇನ್ನೊಬ್ಬಾಕೆ ಗದ್ವಾಲದ್ದು ಎಂದಳಂತೆ. ಎರಡೂ ಕಡೆಗೆ ಹೋಗಿ ಬಂದರು. ಅತ್ತೆ ಇದನ್ನು ನೆನೆದಾಗೆಲ್ಲ ಕಣ್ಣೀರು ಹಾಕುತ್ತಿದ್ದರು. ಮಗಳಿಗೆ ಜ್ವರ ಬಂದ ದಿನ ಈ ಮನುಷ್ಯ ಗದ್ವಾಲದಲ್ಲಿದ್ದ, ಯಾರೋ ಸತ್ತವಳ ಹೆಸರು ಹುಡುಕುತ್ತಿದ್ದ ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಮಾಮಾರನ್ನು ದೊಡ್ಡವರೆಂದು ಬರೆದು ಮುಗಿಸಬಹುದಿತ್ತು. ನೋಟುಬುಕ್ಕಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಅವರೇ ಹೇಳಿದರು.

ಕಾಲುವೆ ರಸ್ತೆಯಲ್ಲಿ ಅಕ್ಕಿ ಮಿಲ್ಲಿನ ಲಾರಿ ಆ ದಿನಗಳಲ್ಲಿ ರಾತ್ರಿ ನಿಂತಿತ್ತು ಎಂದು ಯಾರೋ ಹೇಳಿದ್ದರು. ಆ ಲಾರಿಯ ಕ್ಲೀನರ್ ಒಬ್ಬ ಹುಡುಗ, ಮುದಗಲ್ ಕಡೆಯವ. ಮಾಮಾ ಮತ್ತು ಇನ್ನೊಬ್ಬರು ಅವನನ್ನು ಕರೆತಂದು ಎರಡು ರಾತ್ರಿ ಕೂರಿಸಿಕೊಂಡರು. ಎಲ್ಲಿ ಎಂಬುದನ್ನು ಮಾಮಾ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಾಲಿಗೆ ಹೊಡೆದರು. ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಇವರಿಗೆ ಮೊದಲ ರಾತ್ರಿಯೇ ತಿಳಿದಿತ್ತು. ‘ಆದ್ರೂ ಎರಡನೇ ರಾತ್ರಿ ಯಾಕ ಹೊಡದ್ರಿ ಮಾಮಾ?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಅಂವಗ ಗೊತ್ತಿಲ್ಲಂದ್ರ ಮುಂದ ದಾರೀನ ಇರಲಿಲ್ಲಪಾ. ಅಂವಗ ಗೊತ್ತಿರಬೇಕಿತ್ತು ನನಗ’ ಎಂದರು. ಆಮೇಲೆ ಹೇಳಿದರು: ‘ಆಕಿ ಹೆಸರು ಗೊತ್ತಿಲ್ಲಂತ ನಾ ಒಂದು ಕಡೆ ಬರದೀನಿ. ಆ ಹುಡುಗನ ಹೆಸರು ಗೊತ್ತಿತ್ತು, ಯಾವ ಬುಕ್ಕಿನ್ಯಾಗೂ ಬರೀಲಿಲ್ಲ.’

ಬಂಧಿಸಿದವನ ಮನೆಯವರಿಗೆ ತಿಳಿಸಬೇಕು, ಮೆಮೊ ಬರೆದು ಸಾಕ್ಷಿಯ ಸಹಿ ಪಡೆಯಬೇಕು, ವೈದ್ಯರಿಂದ ತಪಾಸಣೆ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದು 1996ರ ಡಿಸೆಂಬರ್‌ನಲ್ಲಿ, ಇದೆಲ್ಲ ಆಗಿ ಹತ್ತು ವರ್ಷಕ್ಕೆ. ಅದಕ್ಕೆ ಮೊದಲೂ ಹೊಡೆಯುವುದು ಕಾನೂನಾಗಿರಲಿಲ್ಲ. ಮಾಮಾ ಅದನ್ನು ಬಲ್ಲವರು. ಸತ್ತ ಹೆಂಗಸಿನ ಮೇಲೆ ಅಷ್ಟು ಅಂತಃಕರಣ ಇದ್ದ ಮನುಷ್ಯ ಬದುಕಿದ್ದ ಹುಡುಗನ ಅಂಗಾಲು ಒಡೆದರು. ಎರಡೂ ಒಂದೇ ಹಟದಿಂದ ಬಂದವು. ಈ ಮಾತನ್ನು ನಾನು ತಿಂಗಳುಗಟ್ಟಲೆ ಜಗಿದಿದ್ದೇನೆ. ಅವರನ್ನು ಪ್ರೀತಿಸುವುದನ್ನು ಬಿಟ್ಟಿಲ್ಲ. ಆದರೆ ಅವರ ಹಟವನ್ನು ಒಳ್ಳೆಯತನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮರುದಿನ ಚಿತ್ರದ ಉಳಿದ ಭಾಗ ನೋಡಿದೆವು. ಮುತ್ತಣ್ಣ ಮಾತಾಡುವಾಗ ಮಾಮಾ ಮುಂದಕ್ಕೆ ಬಾಗಿ ಕೂತಿರುತ್ತಿದ್ದರು. ಅನಂತ್ ನಾಗ್ ಆ ಪಾತ್ರದಲ್ಲಿ ಏನು ಮಾಡಿದ್ದಾರೆ ಎಂಬುದು ನನಗೆ ಅರ್ಥವಾದದ್ದು ಪರದೆಯಿಂದಲ್ಲ, ಪಕ್ಕದಲ್ಲಿ ಕೂತ ಆ ಮುಖದಿಂದ. ‘ಕವಲುದಾರಿ’ಗೆ ಮೂರು ವರ್ಷ ಮೊದಲು, 2016ರಲ್ಲಿ, ಹೇಮಂತ್ ರಾವ್ ಅವರ ಮೊದಲ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ನಲ್ಲಿ ಇದೇ ಅನಂತ್ ನಾಗ್ ಮರೆವಿನ ರೋಗದ ವೆಂಕೋಬರಾವ್ ಆಗಿದ್ದರು. ಅಲ್ಲಿ ಎಲ್ಲವನ್ನೂ ಮರೆತು ಕಳೆದುಹೋದ ಮುದುಕ, ಇಲ್ಲಿ ಏನನ್ನೂ ಮರೆಯಲಾರದೆ ಕಳೆದುಹೋದ ಮುದುಕ. ಒಬ್ಬ ನಿರ್ದೇಶಕ ಒಬ್ಬ ನಟನಿಗೆ ಬೆನ್ನು ಬೆನ್ನಿಗೆ ಈ ಎರಡು ಪಾತ್ರ ಕೊಟ್ಟದ್ದನ್ನು ನಾವು ಸಾಕಷ್ಟು ಗಮನಿಸಲಿಲ್ಲ ಎಂದು ನನಗೆ ಅನಿಸುತ್ತದೆ. ವೆಂಕೋಬರಾವ್‌ಗೆ ಊರೆಲ್ಲ ಅತ್ತಿತು. ಮುತ್ತಣ್ಣನಿಗೆ ಅಳುವುದು ಕಷ್ಟ, ಯಾಕೆಂದರೆ ಅವರನ್ನು ನಂಬುವುದೇ ಕಷ್ಟ. ನಟನೆಯಲ್ಲಿ ಎರಡನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾ ಆ ಮುಖವನ್ನು ಅರ್ಧ ಕತ್ತಲಲ್ಲೇ ಇಡುತ್ತದೆ. ಚರಣ್ ರಾಜ್ ಅವರ ಸಂಗೀತ ಸುಮ್ಮನಿರಬೇಕಾದ ಕಡೆ ಸುಮ್ಮನಿರುತ್ತದೆ.

ಹುಡುಕುವವನನ್ನೇ ಅನುಮಾನಿಸುವ ಈ ಮಾತು ನನಗೆ ಹಳೆಯ ಪುಸ್ತಕವೊಂದನ್ನು ನೆನಪಿಸುತ್ತದೆ. ಕೊಲೆಗಾರರ ಮಾತು ಕೇಳುತ್ತ ಕೂತ ಅಧಿಕಾರಿಯ ಕಥೆ ನಮ್ಮ ಸೀಮೆಗೆ ಹೊಸದೇನಲ್ಲ. ಕೃಷ್ಣೆಯ ಆಚೆ ದಡದ ಸುರಪುರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅಲ್ಲಿಗೆ ಬರುವ ಮೊದಲೇ, 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಅದರಲ್ಲಿ ಠಕ್ಕ ಅಮೀರ್ ಅಲಿ ತನ್ನ ಕೊಲೆಗಳನ್ನು ಹೇಳುತ್ತ ಹೋಗುತ್ತಾನೆ, ಎದುರಿಗೆ ಕೂತ ಸಾಹೇಬ ಕೇಳುತ್ತ ಹೋಗುತ್ತಾನೆ. ಅದನ್ನು ಓದುವಾಗ ನನಗೆ ಕಾಡುವವನು ಅಮೀರ್ ಅಲಿಯಲ್ಲ. ಅಷ್ಟು ಕಥೆ ಕೇಳಿಯೂ ‘ಇನ್ನೂ ಹೇಳು’ ಎನ್ನುವ ಆ ಸಾಹೇಬ.

ಮಾಮಾರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಅಶೋಕನ ಶಾಸನ ಇದೆ. ಸಿನಿಮಾ ಮುಗಿದ ಸಂಜೆ ಇಬ್ಬರೂ ಅಲ್ಲಿಗೆ ಹೋದೆವು. 1915ರ ಜನವರಿ 27ರಂದು ನಿಜಾಮ್ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಬಂಡೆ ಅದು. ಅವನು ಬಂದದ್ದು ಚಿನ್ನದ ಜಾಡು ಹಿಡಿದು. ಈ ಸೀಮೆಯ ಚಿನ್ನದ ಹುಡುಕಾಟ ಬಹಳ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ನೂರಾರು ಅಡಿ ಆಳಕ್ಕೆ ಅಗೆದವರ ಗುರುತು ಸಿಕ್ಕಿದೆ. ಬೀಡನ್‌ಗೆ ಸಿಕ್ಕದ್ದು ಚಿನ್ನವಲ್ಲ, ಹೆಸರು. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ರಾಜನ ಬಿರುದುಗಳಷ್ಟೇ ಇದ್ದವು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ್ದ. ಸಿಂಹಳದ ಗ್ರಂಥಗಳನ್ನು ಶೋಧಿಸಿದ ಟರ್ನರ್, ಈ ಪ್ರಿಯದರ್ಶಿಯೇ ಅಶೋಕ ಎಂದು ಹೇಳಿದ್ದ. ಆದರೆ ಕಲ್ಲಿನ ಮೇಲಿನ ಸಾಕ್ಷಿ ಬೇಕಿತ್ತು. ಅದನ್ನು ಮಸ್ಕಿಯ ಬಂಡೆ ಕೊಟ್ಟಿತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ ಪ್ರಕಟಿಸಿದರು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲೂ ಅಶೋಕನ ಹೆಸರು ಸಿಕ್ಕಿತು. ಮೊದಲು ಸಿಕ್ಕದ್ದು ನಮ್ಮಲ್ಲಿ.

ಮಾಮಾ ಬಾಲ್ಯದಿಂದ ಆ ಬಂಡೆಯನ್ನು ನೋಡಿದವರು. ಆ ದಿನ ಜಾಲರಿಯ ಹೊರಗೆ ನಿಂತು, ‘ಒಬ್ಬನ ಹೆಸರು ಸಿಗಾಕ ಎಷ್ಟು ವರ್ಷ ಹಿಡೀತು ನೋಡು’ ಎಂದರು. ನಾನು, ‘ಇವನೂ ಕಳಿಂಗದಾಗ ಲಕ್ಷ ಮಂದಿ ಕೊಂದಾನ ಮಾಮಾ. ತಾನ ಬರಸ್ಯಾನ ಅದನ್ನ. ಆದ್ರ ಈ ಕಲ್ಲಿನ್ಯಾಗ ಆ ಮಾತಿಲ್ಲ’ ಎಂದೆ. ಹಾಗೆ ಹೇಳಬಾರದಿತ್ತೇನೋ ಎಂದು ನನಗೆ ಅನಿಸಲಿಲ್ಲ, ಅವರಿಗೂ ಅನಿಸಲಿಲ್ಲ. ಅವರು ತಲೆಯಾಡಿಸಿ, ‘ಸತ್ತವ್ರ ಹೆಸರು ಯಾರು ಬರದಾರ’ ಎಂದರು. ಬೀಡನ್ ಚಿನ್ನ ಹುಡುಕುತ್ತ ಹೋಗಿ ಹೆಸರೊಂದನ್ನು ಮೇಲಕ್ಕೆ ತಂದ. ‘ಕವಲುದಾರಿ’ಯಲ್ಲಿ ಅಗೆದು ತೆಗೆದ ನಿಧಿಯ ಆಸೆಗೆ ಒಂದು ಕುಟುಂಬವೇ ಹೆಸರಿಲ್ಲದೆ ಮಣ್ಣಿನಡಿ ಹೋಗುತ್ತದೆ. ಮುದಗಲ್ ಕೋಟೆಯ ನೆರಳಿನಲ್ಲಿ, ಜಲದುರ್ಗದ ಹಾದಿಯಲ್ಲಿ, ಗುಡ್ಡಗಳ ಪಾಳು ಗುಡಿಗಳಲ್ಲಿ ನಿಧಿಯ ಮಾತು ಕೇಳಿಯೇ ಬೆಳೆದ ನಮಗೆ ಈ ಚಿತ್ರ ಬೆಂಗಳೂರಿನದು ಎಂದು ಅನಿಸಬೇಕಾಗಿಯೇ ಇರಲಿಲ್ಲ. ನಮ್ಮವರು ಇದನ್ನು ನೋಡಬೇಕು ಎಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ.

ಚಿತ್ರದ ಬಗ್ಗೆ ನನಗೆ ಒಂದು ತಕರಾರು ಇದೆ. ಕೊನೆಗೆ ಎಲ್ಲ ಎಳೆಗಳೂ ಸೇರುತ್ತವೆ. ಮೂಳೆಗಳಿಗೆ ಹೆಸರು ಸಿಗುತ್ತದೆ, ಕೊಂದ ಕೈ ಯಾವುದೆಂದು ತಿಳಿಯುತ್ತದೆ. ಥ್ರಿಲ್ಲರ್ ಎಂದ ಮೇಲೆ ಅದು ಬೇಕು ನಿಜ. ಆದರೆ ಉತ್ತರ ಸಿಕ್ಕ ಕೂಡಲೇ, ಅದನ್ನು ಹುಡುಕಿದ ರೀತಿಯನ್ನು ನಾವು ಕ್ಷಮಿಸಿಬಿಡುತ್ತೇವೆ. ಉತ್ತರ ಸಿಗದೇ ಹೋಗಿದ್ದರೆ ಶ್ಯಾಮ್ ಯಾರಾಗುತ್ತಿದ್ದ? ಮಾಮಾ ಆಗುತ್ತಿದ್ದ. ಆ ಸಾಧ್ಯತೆಯನ್ನು ಮುತ್ತಣ್ಣನ ಮೂಲಕ ಚಿತ್ರ ತೋರಿಸಿದೆ, ಪೂರ್ತಿ ಎದುರಿಸಿಲ್ಲ. ಹಾಗಿದ್ದೂ ಇಷ್ಟು ದೂರ ಬಂದ ಕನ್ನಡ ಪೊಲೀಸ್ ಚಿತ್ರ ನನಗೆ ಇನ್ನೊಂದು ಗೊತ್ತಿಲ್ಲ.

ಮಾಮಾ ಮರುವರ್ಷ ತೀರಿಕೊಂಡರು. ನೋಟುಬುಕ್ಕು ನನ್ನ ಹತ್ತಿರ ಬಂತು. ಮಗನಿಗೆ ಅದು ಬೇಕಿರಲಿಲ್ಲ, ‘ನೀನೇ ಇಟ್ಕೊ ಅಣ್ಣಾ, ಇದು ನಮ್ಮವ್ವನ ಹೊಟ್ಟಿ ಉರಸೇದ’ ಎಂದ. ಅವನ ಮಾತು ನ್ಯಾಯವಾದದ್ದೇ.

ನಾನು ಸಿಂ‍ಧನೂರಿನಲ್ಲಿ ಪಾಠ ಹೇಳುವವನು. ಹೋದ ವರ್ಷ ಪದವಿ ವಿದ್ಯಾರ್ಥಿಗಳಿಗೆ ‘ಕವಲುದಾರಿ’ ತೋರಿಸಿ, ಯಾರ ಹೆಸರೂ ಊರೂ ಹೇಳದೆ ಮಾಮಾರ ಕಥೆಯನ್ನೂ ಹೇಳಿದೆ. ಹುಡುಗರು ಹೆಚ್ಚು ಮಾತಾಡಿದ್ದು ಹಚ್ಚೆಯ ಬಗ್ಗೆ. ಈಗಾದರೆ ಡಿಎನ್‌ಎ ಇದೆ, ವಾಟ್ಸಾಪ್ ಇದೆ, ಒಂದೇ ದಿನದಲ್ಲಿ ಪತ್ತೆಯಾಗುತ್ತಿತ್ತು ಎಂದರು. ಕ್ಯಾಂಪಿನಿಂದ ಬರುವ ಒಬ್ಬ ಹುಡುಗಿ ಕೊನೆಗೆ ಎದ್ದು ಕೇಳಿದಳು: ‘ಸರ್, ಆ ಕ್ಲೀನರ್‌ನ ಯಾರಾದ್ರೂ ಹುಡುಕಿದ್ರಾ?’

ಯಾರೂ ಹುಡುಕಿರಲಿಲ್ಲ. ಮಾಮಾ ಹೆಂಗಸಿನ ಹೆಸರಿಗಾಗಿ ಕರ್ನೂಲಿಗೆ, ಗದ್ವಾಲಕ್ಕೆ ಹೋದರು. ಅದೇ ಫೋಟೊ ಹಿಡಿದು ಮುದಗಲ್ ಮೊಹರಂಗೂ ಹೋದರು, ಆ ಹುಡುಗನ ಮನೆಗೆ ಮಾತ್ರ ಹೋಗಲಿಲ್ಲ. ಹೆಸರು ಗೊತ್ತಿದ್ದವನ ಮನೆಗೆ ಹೋಗಲು ಧೈರ್ಯ ಬೇಕಿತ್ತು. ಆ ಹೆಸರನ್ನು ಮಾಮಾ ನನಗೆ ಹೇಳಿ ಹೋಗಿದ್ದಾರೆ. ಅದು ಮುದಗಲ್ ಸೀಮೆಯಲ್ಲಿ ಮನೆಗೊಬ್ಬರಿಗೆ ಇರುವಂಥ ಹೆಸರು. ಬದುಕಿದ್ದರೆ ಅವನಿಗೆ ಈಗ ಅರವತ್ತರ ಆಚೀಚೆ. ಲಿಂಗಸುಗೂರಿಗೆ ಹೋದಾಗಲೆಲ್ಲ ಲಾರಿಗಳು ನಿಲ್ಲುವ ಕಡೆ ಹಳೆಯ ಡ್ರೈವರುಗಳ ಹತ್ತಿರ ಕೂತು ಚಹಾ ಕುಡಿಯುತ್ತೇನೆ. ಎಂಬತ್ತರ ದಶಕದಲ್ಲಿ ಸಿಂಧನೂರು ಅಕ್ಕಿ ಮಿಲ್ಲಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ, ಆಮೇಲೆ ಕಾಲಿನ ತೊಂದರೆಯಾದ ಮುದಗಲ್ ಕಡೆಯವರು ಯಾರಾದರೂ ಗೊತ್ತೇ ಎಂದು ವಿಚಾರಿಸುತ್ತೇನೆ. ‘ನಿಮಗ ಏನಾಗಬೇಕ್ರೀ ಅಂವ?’ ಎಂದು ಅವರು ಕೇಳುತ್ತಾರೆ. ನಮ್ಮ ಮನೆಯಿಂದ ಅವರಿಗೆ ಒಂದು ಬಾಕಿ ಇದೆ ಎನ್ನುತ್ತೇನೆ. ಮೊನ್ನೆ ಒಬ್ಬರು, ಅಂಥವನೊಬ್ಬ ಮುದಗಲ್‌ನ ಮೇಗಳಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ, ಅವನ ಮಗ ಈಗಲೂ ಅಲ್ಲೇ ಇರಬೇಕು ಎಂದರು. ಮುಂದಿನ ಭಾನುವಾರ ಹೋಗುತ್ತೇನೆ.